ರಾಣಿಯ ತಲೆ ಹೋಗುವ ಮುಂಚೆ ಹನ್ನೊಂದು ಸನ್ಮಾನ

ಹೊರಡುವ ಮುಂಚೆ

ನನ್ನನ್ನು ಬಹರೈನಿಗೆ ಕರೆಸಿಕೊಂಡದ್ದು ಒಬ್ಬಳು ಸತ್ತ ರಾಣಿ. ಬದುಕಿದ್ದವರು ಯಾರೂ ಅಲ್ಲಿಯವರೆಗೆ ನನ್ನನ್ನು ಹರಿಹರದಿಂದಾಚೆಗೆ ಕರೆಸಿಕೊಂಡಿರಲಿಲ್ಲ.

ಇಂಗ್ಲೆಂಡಿನಲ್ಲಿ ಜೇನ್ ಎಂಬ ಹುಡುಗಿಯೊಬ್ಬಳು ಒಂಬತ್ತು ದಿನ ರಾಣಿಯಾಗಿದ್ದಳು. ಹದಿನಾರೋ ಹದಿನೇಳೋ ವಯಸ್ಸು, ಓದಿನ ಹುಚ್ಚು. ಸಿಂಹಾಸನ ಬೇಡವೆಂದು ಅತ್ತಳು. ಹೆತ್ತವರು, ಮಾವ, ಗಂಡ ಎಲ್ಲ ಸೇರಿ ಹತ್ತಿಸಿ ಕೂರಿಸಿದರು. ಒಂಬತ್ತು ದಿನ ಕಳೆಯುವಷ್ಟರಲ್ಲಿ ಇನ್ನೊಬ್ಬ ರಾಣಿ ಬಂದಳು, ಕೂರಿಸಿದವರೆಲ್ಲ ಹೊಸಬಳಿಗೆ ಜೈಕಾರ ಹಾಕಿದರು. ಹುಡುಗಿ ಕೋಟೆಯೊಳಗೆ ಸೆರೆಯಾದಳು. ಮಾವ ತಲೆ ಉಳಿಸಿಕೊಳ್ಳಲು ಮತ ಬದಲಿಸಿದ, ಆದರೂ ಉಳಿಯಲಿಲ್ಲ. ಇವಳ ಬಳಿಗೂ ಒಬ್ಬ ಪಾದ್ರಿಯನ್ನು ಕಳುಹಿಸಿ ನೋಡಿದರು. ಇವಳು ಒಲ್ಲೆ ಎಂದಳು, ಕೊಡಲಿಗೆ ಕತ್ತು ಕೊಟ್ಟಳು. ಇಷ್ಟೇ ಕಥೆ.

ನಾನು ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿದವನು. ಶಾಲೆಯ ವಾರ್ಷಿಕೋತ್ಸವಕ್ಕೆಂದು ಈ ಹುಡುಗಿಯ ಮೇಲೊಂದು ಪುಟ್ಟ ನಾಟಕ ಬರೆದೆ, ನಾನೇ ಅಚ್ಚು ಹಾಕಿಸಿದೆ, ಮಿಕ್ಕ ಪ್ರತಿಗಳನ್ನು ನೆಂಟರ ಮದುವೆಗಳಲ್ಲಿ ಉಡುಗೊರೆಯಾಗಿ ಕೊಟ್ಟು ಮುಗಿಸಿದೆ. ಮದುವೆ ಹೆಣ್ಣಿನ ಕೈಗೆ ಕತ್ತು ಕಡಿಯುವ ಪುಸ್ತಕ ಕೊಡುತ್ತೀರಲ್ಲ ಎಂದು ನನ್ನ ಹೆಂಡತಿ ತಲೆ ಚಚ್ಚಿಕೊಂಡಳು. ಆ ಹೆಣ್ಣುಗಳಲ್ಲಿ ಯಾರೋ ಒಬ್ಬಳು ಪುಸ್ತಕವನ್ನು ಬಹರೈನಿಗೆ ಹೊತ್ತುಕೊಂಡು ಹೋಗಿರಬೇಕು. ಅಲ್ಲಿನ ಒಂದು ಕನ್ನಡ ಕೂಟದವರು ಫೋನ್ ಮಾಡಿ, ನಾಟಕ ಆಡುತ್ತಿದ್ದೇವೆ, ನೀವೇ ಮುಖ್ಯ ಅತಿಥಿ, ಬರಬೇಕು ಎಂದರು. ಪ್ರತಿಭೆಯನ್ನು ಗುರುತಿಸಲು ಸಮುದ್ರ ದಾಟಬೇಕಾಯಿತು ನೋಡು ಎಂದು ನಾನು ಹೆಂಡತಿಗೆ ಹೇಳಿದೆ. ಸ್ವೆಟರ್ ಇಟ್ಟಿದ್ದೇನೆ ಎಂದಷ್ಟೇ ಅವಳು ಹೇಳಿದಳು. ಮರಳುಗಾಡಿಗೆ ಸ್ವೆಟರ್ ಯಾಕೆಂದು ನಾನು ಅದನ್ನು ತೆಗೆದು ಮಂಚದ ಮೇಲೆ ಎಸೆದೆ.

ಜುಫೈರ್

ವಿಮಾನ ನಿಲ್ದಾಣಕ್ಕೆ ಬಂದಿದ್ದವರು ಕೂಟದ ಕಾರ್ಯದರ್ಶಿ ಸದಾನಂದಣ್ಣ. ಉಡುಪಿ ಕಡೆಯವರು, ಏಸಿ ರಿಪೇರಿ ಕಂಪನಿಯಲ್ಲಿ ಸೂಪರ್‌ವೈಸರ್. ಒಂದೇ ಉಸಿರಿಗೆ ಮೂರು ಫೋನಿನಲ್ಲಿ ಮಾತಾಡುತ್ತಾರೆ. ನನ್ನ ನಾಟಕವನ್ನೇ ಯಾಕೆ ಆರಿಸಿದಿರಿ ಎಂದು ಕಾರಿನಲ್ಲಿ ನಾಚುತ್ತಾ ಕೇಳಿದೆ.

“ಅದು ಎಂತದು ಸರ್, ನಿಮ್ಮದರಲ್ಲಿ ಹೆಂಗಸಿನ ಪಾರ್ಟು ಒಂದೇ ಉಂಟಲ್ಲ. ನಮಗೆ ಇಲ್ಲಿ ಹೆಂಗಸರು ಸಿಗುವುದು ಭಾರೀ ಕಷ್ಟ ಮಾರಾಯ್ರೆ. ಮತ್ತೆ ಸಣ್ಣ ನಾಟಕ. ಸನ್ಮಾನಕ್ಕೆ ಟೈಮ್ ಸಿಗ್ತದೆ.”

ಪ್ರತಿಭೆಯ ಮಾತು ನಾನು ಮತ್ತೆ ಎತ್ತಲಿಲ್ಲ.

ಜುಫೈರ್ ಎಂಬ ಬಡಾವಣೆಯಲ್ಲಿ ಒಂದು ಕಟ್ಟಡದ ಹತ್ತೊಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿ ನನ್ನನ್ನು ಇಳಿಸಿದರು. ಹೊರಗೆ ಹೆಂಚು ಕಾದಂತಹ ಬಿಸಿಲು, ಒಳಗೆ ಹಲ್ಲು ಕಟಕಟ ಎನ್ನುವ ಚಳಿ. ಏಸಿಯನ್ನು ಕಡಿಮೆ ಮಾಡುವ ಗುಂಡಿ ಸಿಗದೆ ಇಡೀ ದಿನ ಕಂಬಳಿ ಹೊದ್ದು ಕುಳಿತೆ. ಏಸಿ ಸೂಪರ್‌ವೈಸರನ್ನೇ ಕರೆದು ಕೇಳಬಹುದಿತ್ತು, ಆದರೆ ಮುಖ್ಯ ಅತಿಥಿಗೆ ಗುಂಡಿ ಒತ್ತಲು ಬರುವುದಿಲ್ಲ ಎಂದು ಊರೆಲ್ಲ ಹೇಳಿಯಾರೆಂದು ಸುಮ್ಮನಿದ್ದೆ. ರಾಣಿಯ ಸೆರೆವಾಸವನ್ನು ನಾಟಕದಲ್ಲಿ ಎರಡು ಸಾಲಿನಲ್ಲಿ ಮುಗಿಸಿದ್ದ ನನಗೆ ಅದರ ಮೇಲೆ ಎರಡು ಪುಟ ಬರೆಯಬಹುದಿತ್ತು ಎಂದು ಅಂದು ಅನ್ನಿಸಿತು.

ಈ ಊರಿನ ಒಂದು ಪದ್ಧತಿ ಹೇಳಲೇಬೇಕು. ಇಲ್ಲಿ ಸಣ್ಣ ಕಿರಾಣಿ ಅಂಗಡಿಗೆ ಕೋಲ್ಡ್ ಸ್ಟೋರ್ ಎನ್ನುತ್ತಾರೆ. ಸಾಮಾನು ಬೇಕಾದವರು ಅಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆಯುತ್ತಾರೆ, ಇಳಿಯುವುದಿಲ್ಲ. ಅಂಗಡಿಯವನು ಓಡಿ ಬಂದು ಕಿಟಕಿಯಲ್ಲಿ ಕೇಳಿಕೊಂಡು ಹೋಗಿ ತಂದುಕೊಡಬೇಕು. ನಮ್ಮಲ್ಲಿ ಹಾರ್ನ್ ಹೊಡೆದರೆ ದನವೂ ಏಳುವುದಿಲ್ಲ. ಎರಡನೆಯ ದಿನ ನಾನು ಮೊಸರು ಕೊಳ್ಳಲು ಅಂಗಡಿಯ ಬಾಗಿಲಲ್ಲಿ ನಿಂತಿದ್ದಾಗ ಒಂದು ಬಿಳಿಯ ಕಾರು ಬಂದು ಹಾರ್ನ್ ಹೊಡೆಯಿತು. ದಾರಿ ಕೇಳುತ್ತಿರಬೇಕು ಎಂದುಕೊಂಡು ಹತ್ತಿರ ಹೋದೆ. ಒಳಗಿದ್ದ ಅರಬ ಹಿರಿಯರು ಅಂಗಡಿಯ ಬಾಟಲಿಗಳತ್ತ ತೋರಿಸಿ, ಬೆರಳು ಮಡಚಿ ಎರಡು ನೀರು, ಒಂದು ಮಜ್ಜಿಗೆ ಎಂದು ಸನ್ನೆ ಮಾಡಿದರು. ನಾನಲ್ಲ ಎನ್ನಲು ನನಗೆ ಅರಬ್ಬಿ ಬರುವುದಿಲ್ಲ. ತಂದುಕೊಟ್ಟೆ. “ಶುಕ್ರನ್” ಎಂದು ಧನ್ಯವಾದ ಹೇಳಿ, ಎದೆಗೆ ಕೈಯಿಟ್ಟು ನಗುತ್ತಾ ಹೋದರು. ಬಹರೈನಿನಲ್ಲಿ ನನಗೆ ಸಿಕ್ಕ ಮೊದಲ ಸನ್ಮಾನ ಅದು, ಮನಸ್ಸಿನಿಂದ ಬಂದದ್ದೂ ಅದೊಂದೇ ಇರಬೇಕು.

ಹೂರಾ

ರಾಣಿಯನ್ನು ನೋಡಲು ಹೂರಾಕ್ಕೆ ಕರೆದುಕೊಂಡು ಹೋದರು. ಒತ್ತೊತ್ತಾದ ಅಂಗಡಿಗಳು, ಮೇಲೆ ಮನೆಗಳು, ಬೀದಿಯಲ್ಲಿ ನಮ್ಮವರು, ಬಂಗಾಳಿಗಳು, ಪಾಕಿಸ್ತಾನಿಗಳು ಎಲ್ಲ ಒಂದೇ ಹಿಂದಿಯನ್ನು ನಾಲ್ಕು ಬಗೆಯಲ್ಲಿ ಆಡುತ್ತಿದ್ದರು. ಹೆಂಗಸರ ಬಟ್ಟೆ ಹೊಲಿಯುವ ಒಂದು ಅಂಗಡಿಯಲ್ಲಿ, ಅರ್ಧ ಖಾಲಿಯಾದ ಕಪಾಟುಗಳ ನಡುವೆ, ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ರಾಣಿ ತನ್ನ ನಿಲುವಂಗಿಯನ್ನು ತಾನೇ ಹೊಲಿಯುತ್ತಿದ್ದಳು.

ಅವಳ ಹೆಸರು ವನಿತಾ. ಮಲ್ಪೆಯವಳು, ಇಪ್ಪತ್ತಾರರ ಆಸುಪಾಸು. ಆರು ವರ್ಷದಿಂದ ಇಲ್ಲಿ ಟೈಲರ್. ಕೂಟದ ಪ್ರತಿಯೊಂದು ಕಾರ್ಯಕ್ರಮಕ್ಕೂ ರಾಜರಿಂದ ಹಿಡಿದು ನವಿಲುಗಳವರೆಗೆ ಎಲ್ಲರ ವೇಷ ಹೊಲಿದವಳು ಅವಳೇ, ವೇದಿಕೆಯನ್ನು ಮಾತ್ರ ಒಮ್ಮೆಯೂ ಹತ್ತಿದವಳಲ್ಲ. ಈ ಸಲ ರಾಣಿಯಾಗಬೇಕಿದ್ದವರು ಒಬ್ಬ ಎಂಜಿನಿಯರರ ಹೆಂಡತಿ. ಅವರು ರಜೆಗೆ ಊರಿಗೆ ಹೊರಟುಬಿಟ್ಟರು. ತಾಲೀಮಿನಲ್ಲಿ ಮೂಲೆಯಲ್ಲಿ ಕುಳಿತು ಅಳತೆ ತೆಗೆಯುತ್ತಾ ವನಿತಾ ಅಷ್ಟೂ ಮಾತು ಬಾಯಿಪಾಠ ಮಾಡಿಕೊಂಡಿದ್ದಳು. ಬೇರೆ ಗತಿಯಿಲ್ಲದೆ ಕೂಟ ಅವಳಿಗೆ ಪಟ್ಟ ಕಟ್ಟಿತು.

“ಶುಕ್ರವಾರ ನಾಟಕ, ಶನಿವಾರ ನನ್ನ ಫ್ಲೈಟ್ ಸರ್,” ಎಂದಳು ಸೂಜಿ ತೆಗೆದು. “ಅಂಗಡಿ ಮುಚ್ಚುತ್ತಾ ಉಂಟು. ವೀಸಾ ಖಲಾಸ್. ಒಂಬತ್ತನೇ ಕ್ಲಾಸಿನಲ್ಲಿ ಒಂದು ನಾಟಕಕ್ಕೆ ಸೇರಿದ್ದೆ, ಅಷ್ಟೊತ್ತಿಗೆ ಶಾಲೆ ಬಿಡಿಸಿದ್ರು. ಇದೊಂದು ಮಾಡಿ ಹೋಗುವ ಅಂತ.”

ಆಮೇಲೆ ಕತ್ತರಿ ಕೆಳಗಿಟ್ಟು, “ಸರ್, ಒಂದು ಕೇಳ್ಬೇಕಿತ್ತು. ಕಣ್ಣಿಗೆ ಬಟ್ಟೆ ಕಟ್ಟಿದ ಮೇಲೆ ಅವಳಿಗೆ ಕೊರಡು ಹೇಗೆ ಕಾಣ್ತದೆ?” ಎಂದಳು.

ನನ್ನ ನಾಟಕದಲ್ಲಿ ಹೀಗಿದೆ: ರಾಣಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ತಲೆ ಎತ್ತಿ, ನೆಟ್ಟಗೆ ನಡೆದು ತಲೆ ಕಡಿಯುವ ಮರದ ಕೊರಡಿಗೆ ಕತ್ತು ಇಡುತ್ತಾಳೆ. ಈ ಸಾಲಿಗೆ ನಮ್ಮ ಶಾಲೆಯಲ್ಲಿ ಚಪ್ಪಾಳೆ ಬಿದ್ದಿತ್ತು.

“ಮೊಬೈಲಲ್ಲಿ ಓದಿದೆ ಸರ್. ಅವಳಿಗೆ ಕೊರಡು ಸಿಗ್ಲಿಲ್ಲ ಅಂತೆ. ಕೈ ಚಾಚಿ ಹುಡುಕಿದ್ಲಂತೆ, ಎಲ್ಲಿ ಉಂಟು ಅದು, ನಾನೀಗ ಎಂತ ಮಾಡ್ಲಿ ಅಂತ. ಯಾರೋ ಒಬ್ರು ಬಂದು ದಾರಿ ತೋರಿಸಿದ್ದಂತೆ. ನಿಮ್ಮ ಪುಸ್ತಕದಲ್ಲಿ ಅದು ಇಲ್ಲ.”

ನನಗೆ ಗೊತ್ತಿತ್ತು. ಬೇಕೆಂದೇ ಬಿಟ್ಟಿದ್ದೆ. “ರಾಣಿ ತಡಕಾಡಿದರೆ ಧೈರ್ಯ ಎಲ್ಲಿ ಉಳಿಯಿತಮ್ಮ? ನೋಡುವವರಿಗೆ ಅಯ್ಯೋ ಪಾಪ ಅನ್ನಿಸುತ್ತೆ,” ಎಂದೆ.

“ಹೆದರಿಕೆ ಇಲ್ಲದವಳಿಗೆ ಧೈರ್ಯ ಯಾಕೆ ಸರ್?”

ಮೂವತ್ತೊಂದು ವರ್ಷ ಮೇಷ್ಟರಾಗಿದ್ದವನಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗ ಏನು ಮಾಡಬೇಕೆಂದು ಚೆನ್ನಾಗಿ ಗೊತ್ತಿರುತ್ತದೆ. ಪುಸ್ತಕದಲ್ಲಿ ಇದ್ದಂತೆ ಮಾಡು ಎಂದೆ.

ಸೆಗಯಾ

ತಾಲೀಮು ಸೆಗಯಾದ ಒಂದು ಹಳೆಯ ಫ್ಲ್ಯಾಟಿನಲ್ಲಿ. ಎಂಟು ಜನ ಬ್ರಹ್ಮಚಾರಿಗಳ ಬಿಡಾರ, ಅವರಲ್ಲಿ ಆರು ಜನಕ್ಕೆ ಊರಿನಲ್ಲಿ ಹೆಂಡತಿ ಮಕ್ಕಳಿದ್ದಾರೆ. ಮಂಚಗಳನ್ನು ಗೋಡೆಗೆ ನಿಲ್ಲಿಸಿ ಲಂಡನ್ ಮಾಡಿಕೊಂಡಿದ್ದರು. ತಲೆ ಕಡಿಯುವವನ ಪಾತ್ರ ಭಾಸ್ಕರನದು. ಕುಂದಾಪುರದವನು, ಜುಫೈರಿನ ಒಂದು ಹೋಟೆಲಿನಲ್ಲಿ ಅಡುಗೆಯವನು. ಕೊಡಲಿಯನ್ನು ಥರ್ಮೋಕೋಲಿನಲ್ಲಿ ಕೆತ್ತಿ, ಹೋಟೆಲಿನ ಬೆಳ್ಳಿ ಕಾಗದ ಸುತ್ತಿದ್ದ. ಕೊರಡು ಮಾತ್ರ ಅಸಲಿ. ಕುರಿ ಮಾಂಸ ಕೊಚ್ಚುವ ದಪ್ಪ ಮರದ ಕೊರಡನ್ನು ಅಡುಗೆಮನೆಯಿಂದ ಹೊತ್ತು ತಂದಿದ್ದ. ಎಷ್ಟು ತೊಳೆದರೂ ಈರುಳ್ಳಿಯ ವಾಸನೆ ಹೋಗಿರಲಿಲ್ಲ. ವನಿತಾ ಪ್ರತಿ ಸಲವೂ ಮುಖ ಸಿಂಡರಿಸದೆ ಅದರ ಮೇಲೆ ಕೆನ್ನೆಯಿಟ್ಟಳು.

ಭಾಸ್ಕರನ ತಕರಾರು ಬೇರೆ. ಅವನು ಊರಿನಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವನು, ಅಂದರೆ ಕುಳಿತಲ್ಲೇ ಬರೀ ಮಾತಿನಿಂದ ಯುದ್ಧ ಗೆಲ್ಲುವ ಕಲೆಯವನು. ನನ್ನ ನಾಟಕದಲ್ಲಿ ಅವನಿಗೆ ಮಾತೇ ಇಲ್ಲ.

“ಹ್ವಾಯ್ ಸರ್, ಒಬ್ರ್ ತಲೆ ತೆಗೀಕಾರೆ ನಾಲ್ಕ್ ಮಾತ್ ಆಡ್ದೆ ತೆಗುದ್ ಹ್ಯಾಂಗೆ? ನಮ್ಮಲ್ಲಿ ರಾಕ್ಷಸನ್ನ ಕೊಲ್ಲುಕೂ ಅರ್ಧ ಗಂಟಿ ಮಾತ್ ಇತ್ತ್.”

ಹೀಗೆ ಹೇಳಿ ಅವನು ರಾಜಧರ್ಮ, ಸ್ತ್ರೀಹತ್ಯಾ ದೋಷ, ಸೇವಕನ ಸಂಕಟ ಎಂದು ಇಪ್ಪತ್ತು ನಿಮಿಷ ಮಾತಾಡಿದ. ರಾಣಿ ಅಷ್ಟೂ ಹೊತ್ತು ಈರುಳ್ಳಿ ಮೂಸುತ್ತಾ ಮಂಡಿಯೂರಿದ್ದಳು.

ಆಗಲೇ ಕೂಟದ ಅಧ್ಯಕ್ಷರು ಬಂದದ್ದು. ಬೆಂಗಳೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಯಾರು ಏನೇ ಹೇಳಿದರೂ ಮೊದಲು ‘ಎಕ್ಸಲೆಂಟ್’ ಎಂದು ಆಮೇಲೆ ಬೇಡ ಎನ್ನುವವರು.

“ಎಕ್ಸಲೆಂಟ್ ಸರ್. ಒಂದೇ ಒಂದು ಸಜೆಶನ್. ಎಂಡಿಂಗ್ ಸ್ವಲ್ಪ ಪಾಸಿಟಿವ್ ಆಗಿರ್ಲಿ. ಫ್ಯಾಮಿಲೀಸ್ ಬರ್ತಾರೆ, ಮಕ್ಕಳಿರ್ತಾರೆ. ಲಾಸ್ಟ್ ಮಿನಿಟಲ್ಲಿ ರಾಣಿಗೆ ಕ್ಷಮಾದಾನ ಸಿಕ್ಕಿ, ಎಲ್ಲರೂ ಸೇರಿ ನಾಡಗೀತೆ ಹಾಡಿ ಮುಗಿಸಿದ್ರೆ ಹೇಗೆ?”

ಲಂಡನ್ ಕೋಟೆಯಲ್ಲಿ ನಾಡಗೀತೆ! ನಾನು ಎದ್ದು ನಿಂತು, ಸ್ವಾಮಿ, ಅವಳು ಸತ್ತಿದ್ದಾಳೆ, ಅದಕ್ಕೆ ನನ್ನ ಒಪ್ಪಿಗೆಯೂ ಬೇಕಿಲ್ಲ ನಿಮ್ಮದೂ ಬೇಕಿಲ್ಲ ಎನ್ನಬೇಕಿತ್ತು. ಆದರೆ ಮಧ್ಯಾಹ್ನ ಅವರ ಮನೆಯಲ್ಲೇ ಹೋಳಿಗೆ ತಿಂದಿದ್ದೆ. ಶುಕ್ರವಾರದ ಸನ್ಮಾನದ ಶಾಲು ಅವರ ಕಪಾಟಿನಲ್ಲಿತ್ತು. “ನೋಡೋಣ, ಮಾಡಬಹುದು,” ಎಂದೆ. ಇತಿಹಾಸದ ಮೇಷ್ಟರೊಬ್ಬ ಒಂದು ಶಾಲಿಗಾಗಿ ಸತ್ತವಳನ್ನು ಬದುಕಿಸಲು ಹೊರಟದ್ದನ್ನು ಸೆಗಯಾದ ಆ ಎಂಟು ಮಂಚಗಳು ನೋಡಿವೆ.

ಕೊರಡಿನ ಮೇಲಿನಿಂದ ವನಿತಾ ತಲೆ ಎತ್ತಿದಳು. “ಹಾಗಾದ್ರೆ ನಾನು ಮಾಡುದಿಲ್ಲ ಸರ್.”

“ಯಾಕಮ್ಮ? ಲೈಫ್ ಸಿಗುತ್ತೆ ರಾಣಿಗೆ!” ಎಂದರು ಅಧ್ಯಕ್ಷರು.

“ಅವಳಿಗೆ ಬದುಕುದಿದ್ರೆ ಪಾದ್ರಿ ಬಂದಾಗ್ಲೇ ಹೂಂ ಅಂತ ಒಂದು ಮಾತು ಹೇಳಿ ನೋಡ್ತಿದ್ಲು. ಅವಳು ಅಲ್ಲಿ ಇಲ್ಲ ಅಂದದ್ದು, ನಾವು ಇಲ್ಲಿ ಹೂಂ ಅನ್ನಿಸುದಾ? ಬೇರೆಯವರಿಗೆ ಕೊಡಿ ಸರ್ ಪಾರ್ಟು.”

ಆರು ವರ್ಷ ಕಾದು ಸಿಕ್ಕಿದ್ದನ್ನು ಬಿಟ್ಟುಕೊಡುತ್ತಿದ್ದಾಳೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರು ಸುತ್ತಲೂ ನೋಡಿದರು. ಎರಡೇ ದಿನ ಉಳಿದಿತ್ತು. ಬೇರೆ ಹೆಂಗಸು ಇರಲಿಲ್ಲ. “ಎಕ್ಸಲೆಂಟ್,” ಎಂದು ಅವರು ಕಾರಿನ ಕೀಲಿ ತೆಗೆದುಕೊಂಡು ಹೊರಟರು.

ಶುಕ್ರವಾರ, ಸಭಾಂಗಣ

ಸಭಾಂಗಣ ನಮ್ಮ ಕೈಯಲ್ಲಿದ್ದದ್ದು ಸಂಜೆ ಆರರವರೆಗೆ. ಆರಕ್ಕೆ ಮಲಯಾಳಿಗಳ ಕಾರ್ಯಕ್ರಮ. ಅವರು ನಾಲ್ಕೂವರೆಗೇ ಚೆಂಡೆಗಳನ್ನು ತಂದು ಬಾಗಿಲಲ್ಲಿ ಸಾಲಾಗಿ ಇಟ್ಟುಕೊಂಡು ಕುಳಿತಿದ್ದರು. ನಮ್ಮವರು ಮೂರಕ್ಕೆಂದು ಹೇಳಿ ಮೂರೂಮುಕ್ಕಾಲಿಗೆ ದೀಪ ಹಚ್ಚಿದರು.

ಸನ್ಮಾನ ಯಾವಾಗ ಎಂದು ಕೇಳಿದ್ದಕ್ಕೆ ಸದಾನಂದಣ್ಣ ಗುಟ್ಟು ಬಿಟ್ಟುಕೊಟ್ಟಿದ್ದರು. “ಮೊದ್ಲೇ ಮಾಡಿದ್ರೆ ಜನ ಬಂದಿರುದಿಲ್ಲ. ನಾಟಕ ಮುಗಿದ ಮೇಲೆ ಮಾಡಿದ್ರೆ ಊಟಕ್ಕೆ ಓಡ್ತಾರೆ. ಹಾಗಾಗಿ ಕೊನೇ ಸೀನಿಗೆ ಮೊದ್ಲು ಮಾಡುದು. ರಾಣಿ ಎಂತ ಆಗ್ತಾಳೆ ನೋಡ್ಬೇಕಲ್ಲ, ಯಾರೂ ಏಳುದಿಲ್ಲ.”

ಹಾಗೆಯೇ ಆಯಿತು. ರಾಣಿ ಪಾದ್ರಿಗೆ ಒಲ್ಲೆ ಎಂದಳು, ಪರದೆ ಬಿತ್ತು, ಎದ್ದಾಗ ಲಂಡನ್ ಕೋಟೆಯಲ್ಲಿ ಹನ್ನೊಂದು ಕುರ್ಚಿಗಳಿದ್ದವು. ನಾನು ನಡುವೆ. ಉಳಿದ ಹತ್ತು ಜನ ದಾನಿಗಳು, ಮಾಜಿ ಅಧ್ಯಕ್ಷರು ಮತ್ತು ಮಾಜಿ ಆಗುವುದಕ್ಕೆ ಒಪ್ಪದವರು. ಒಬ್ಬೊಬ್ಬರಿಗೂ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಸನ್ಮಾನ ಪತ್ರದ ವಾಚನ. ಪೇಟಗಳು ಇದ್ದದ್ದು ಎರಡೇ. ಒಬ್ಬರ ತಲೆಯಿಂದ ತೆಗೆದು ಮರೆಯಲ್ಲಿ ದಾಟಿಸಿ ಇನ್ನೊಬ್ಬರ ತಲೆಗೆ ಇಡುತ್ತಿದ್ದರು. ಹಣ್ಣಿನ ಬುಟ್ಟಿಯಂತೂ ಒಂದೇ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದ್ದ ಆ ಸೇಬುಗಳು ಹನ್ನೊಂದು ಜನರ ಕೈ ಸೇರಿ ಹನ್ನೊಂದು ಸಲ ವಾಪಸು ಬಂದವು. ಒಂದು ತಲೆ ಹೋಗಬೇಕಿದ್ದ ವೇದಿಕೆಯ ಮೇಲೆ ಹನ್ನೊಂದು ತಲೆಗಳು ಏರಿ ಕುಳಿತಿದ್ದವು.

ಬುಟ್ಟಿ ಇಡಲು ಸ್ಟೂಲ್ ಸಿಕ್ಕಿರಲಿಲ್ಲ. ಸದಾನಂದಣ್ಣ ಅತ್ತಿತ್ತ ನೋಡಿ, ಭಾಸ್ಕರನ ಕೊರಡನ್ನು ಎಳೆದು ತಂದು, ಕೆಂಪು ಬಟ್ಟೆ ಹೊದಿಸಿ, ನನ್ನ ಕುರ್ಚಿಯ ಪಕ್ಕದಲ್ಲಿಟ್ಟು ಅದರ ಮೇಲೆ ಬುಟ್ಟಿ ಕೂರಿಸಿದ್ದರು. ಈರುಳ್ಳಿಯ ವಾಸನೆ ನನಗೆ ಬರುತ್ತಲೇ ಇತ್ತು.

ಐದೂಮುಕ್ಕಾಲು. ಬಾಗಿಲಲ್ಲಿ ಪಠಾಣ ಕಾವಲುಗಾರ ಕೈಗಡಿಯಾರ ತಟ್ಟಿ “ಯಲ್ಲಾ ಭಾಯಿ, ಖಲಾಸ್ ಕರೋ,” ಎನ್ನುತ್ತಿದ್ದ. ಅಧ್ಯಕ್ಷರು ಮೈಕ್ ಹಿಡಿದರು. “ಸಮಯದ ಅಭಾವದಿಂದ ನಾಟಕದ ಕೊನೆಯ ದೃಶ್ಯವನ್ನು ಕೈಬಿಡಲಾಗಿದೆ. ರಾಣಿಯ ಮರಣದಂಡನೆ ಆಯಿತೆಂದು ಪ್ರೇಕ್ಷಕರು ತಿಳಿದುಕೊಳ್ಳಬೇಕಾಗಿ ವಿನಂತಿ. ಈಗ ವಂದನಾರ್ಪಣೆ.”

ನಾನು ಪಕ್ಕಕ್ಕೆ ನೋಡಿದೆ. ಪರದೆಯ ಸಂದಿನಲ್ಲಿ ವನಿತಾ ಬಿಳಿ ನಿಲುವಂಗಿ ತೊಟ್ಟು, ಕಣ್ಣಿಗೆ ಕಟ್ಟುವ ಬಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದಳು. ಸನ್ಮಾನ ಶುರುವಾದಾಗಿನಿಂದ ಹಾಗೇ ನಿಂತಿದ್ದಳೋ ಏನೋ. ನನ್ನನ್ನೇ ನೋಡಿದಳು. ನಾನು ಎದ್ದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಮುಖ್ಯ ಅತಿಥಿಯ ಮಾತನ್ನು ಅಧ್ಯಕ್ಷರು ತೆಗೆದುಹಾಕುವಂತಿರಲಿಲ್ಲ. ನಾನು ಪೇಟ ಸರಿಮಾಡಿಕೊಂಡು ಸಭೆಯ ಕಡೆ ತಿರುಗಿದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಅವಳು ಕಣ್ಣಿಗೆ ತಾನೇ ಬಟ್ಟೆ ಕಟ್ಟಿಕೊಂಡಳು. ನಡೆದು ಬಂದಳು.

ಮೊದಲು ಮಾಜಿ ಅಧ್ಯಕ್ಷರೊಬ್ಬರ ಕುರ್ಚಿಗೆ ಕಾಲು ತಗುಲಿತು. ಅವರು ಕಾಲು ಎಳೆದುಕೊಂಡರು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ವಂದನಾರ್ಪಣೆಗೆ ನಿಂತಿದ್ದ ಸದಾನಂದಣ್ಣ ಮೈಕಿನಲ್ಲೇ “ಏ ವನಿತಾ, ಎಂತ ಇದು” ಎಂದರು. ಅವಳು ನಿಲ್ಲಲಿಲ್ಲ. ವೇದಿಕೆಯ ನಡುವೆ, ಕೊರಡು ಇರಬೇಕಾದ ಜಾಗಕ್ಕೆ ಬಂದು ಮಂಡಿಯೂರಿದಳು, ಕೈ ಚಾಚಿದಳು. ಅಲ್ಲಿ ಏನೂ ಇರಲಿಲ್ಲ.

“ಎಲ್ಲಿದೆ ಅದು?” ಎಂದಳು. “ನಾನೀಗ ಏನು ಮಾಡಲಿ?”

ನನ್ನ ನಾಟಕದಲ್ಲಿಲ್ಲದ ಮಾತು. ಆಡಬೇಡ ಎಂದು ನಾನೇ ಹೇಳಿದ್ದ ಮಾತು. ಅವಳು ನಟಿಸುತ್ತಿದ್ದಳೋ ನಿಜವಾಗಿ ಹುಡುಕುತ್ತಿದ್ದಳೋ ಹೇಳಲಾರೆ, ಏಕೆಂದರೆ ಕೊರಡು ನಿಜವಾಗಿಯೂ ಇರಲಿಲ್ಲ. ಮಂಡಿಯ ಮೇಲೆಯೇ ತೆವಳಿದಳು. ಬೆರಳುಗಳು ನನ್ನ ಶಾಲಿನ ಅಂಚಿಗೆ ತಾಗಿದವು, ಬಿಟ್ಟವು, ಬುಟ್ಟಿಯ ಪ್ಲಾಸ್ಟಿಕ್ ಹಾಳೆಗೆ ತಾಗಿ ಪರಪರ ಎಂದವು. ಆಗ ಯಾರೂ ನಗಲಿಲ್ಲ. ಮುಂದಿನ ಸಾಲಿನ ಒಂದು ಮಗು, ಅಮ್ಮಾ, ಯಾರೂ ಯಾಕೆ ಹೆಲ್ಪ್ ಮಾಡ್ತಿಲ್ಲ ಎಂದು ಕೇಳಿತು.

ನಾನು ಎದ್ದೆ. ಬುಟ್ಟಿ ಎತ್ತಿದೆ. ಇಡಲು ಜಾಗವಿಲ್ಲದೆ ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಬಗ್ಗಿದಾಗ ಪೇಟ ಉರುಳಿ ಹೋಯಿತು. ಕೆಂಪು ಬಟ್ಟೆ ಎಳೆದು, ಅವಳ ಕೈ ಹಿಡಿದು ಕೊರಡಿನ ಮೇಲಿಟ್ಟೆ. ಆ ಕೈ ಮಂಜಿನಷ್ಟು ತಣ್ಣಗಿತ್ತು, ಗಡಗಡ ನಡುಗುತ್ತಿತ್ತು. ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದ ರಾಣಿಗೆ ಇಂತಹ ಕೈಗಳು ಇರಲೇ ಇಲ್ಲ.

ಕೊರಡನ್ನು ಎರಡೂ ಕೈಯಿಂದ ಸವರಿ ನೋಡಿ ಅವಳು ಕತ್ತು ಇಟ್ಟಳು. ಕುರ್ಚಿಗಳ ಹಿಂದಿನಿಂದ ಭಾಸ್ಕರ ಬೆಳ್ಳಿ ಕಾಗದದ ಕೊಡಲಿ ಹಿಡಿದು ಬಂದ. ಇಪ್ಪತ್ತು ನಿಮಿಷದ ಮಾತು ಕಟ್ಟಿಕೊಂಡಿದ್ದವನು. ಬಾಯಿ ತೆರೆದ, ಮುಚ್ಚಿದ. “ಕ್ಷಮಿಸು ತಾಯೀ,” ಎಂದಷ್ಟೇ ಹೇಳಿ ಕೊಡಲಿ ಎತ್ತಿದ.

ದೀಪ ಆರಿತು. ಬಾಗಿಲಲ್ಲಿದ್ದ ಮಲಯಾಳಿಗಳಲ್ಲಿ ಯಾರೋ ತಡೆಯಲಾರದೆ ಚೆಂಡೆಗೆ ಒಂದೇ ಒಂದು ಪೆಟ್ಟು ಹಾಕಿದ. ಚಪ್ಪಾಳೆ ಬಂದದ್ದು ಅದಾದ ಎಷ್ಟೋ ಹೊತ್ತಿಗೆ.

ಮತ್ತೆ ವಿಮಾನ ನಿಲ್ದಾಣ

ಶನಿವಾರ ನಾನು ಬೆಂಗಳೂರಿನ ಸಾಲಿನಲ್ಲಿ, ವನಿತಾ ಮಂಗಳೂರಿನ ಸಾಲಿನಲ್ಲಿ. ಹೊಲಿಗೆ ಯಂತ್ರದ ತಲೆಭಾಗವನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡಿದ್ದಳು, ಸಾಮಾನಿನ ಜೊತೆ ಹಾಕಲು ಅವಳು ಒಪ್ಪಿರಲಿಲ್ಲ.

“ಸರ್, ನಿನ್ನೆ ಪುಸ್ತಕದಲ್ಲಿ ಇದ್ದಂತೆ ಮಾಡ್ಲಿಕ್ಕೆ ಆಗ್ಲಿಲ್ಲ,” ಎಂದಳು.

“ಬಹಳ ಹೆದರಿದ್ದೆಯಾ?”

“ಸತ್ತೇ ಹೋಗ್ತೇನೆ ಅಂತ ಆಗಿತ್ತು ಸರ್,” ಎಂದು ನಕ್ಕಳು. ಸಾಲು ಮುಂದೆ ಸರಿಯಿತು.

ಹಣ್ಣಿನ ಬುಟ್ಟಿ ವಾಪಸು ಕೊಡುವುದನ್ನು ಮರೆತು ಜುಫೈರಿನ ಫ್ಲ್ಯಾಟಿಗೆ ತಂದಿದ್ದೆ. ಕೂಟದವರು ಇಂದಿಗೂ ಅದರ ಬಗ್ಗೆ ಮಾತಾಡುತ್ತಾರಂತೆ. ವಿಮಾನದಲ್ಲಿ ಮತ್ತೆ ಚಳಿ, ಸ್ವೆಟರ್ ಇನ್ನೂ ದಾವಣಗೆರೆಯ ಮಂಚದ ಮೇಲೆ. ಸನ್ಮಾನದ ಶಾಲು ಹೊದ್ದುಕೊಂಡೆ, ಬುಟ್ಟಿಯಿಂದ ತಂದಿದ್ದ ಒಂದು ಸೇಬು ಕಚ್ಚಿದೆ. ಆಮೇಲೆ ನನ್ನ ನಾಟಕದ ಪ್ರತಿ ತೆಗೆದು ಕೊನೆಯ ಪುಟದಲ್ಲಿ ‘ನೆಟ್ಟಗೆ ನಡೆದು’ ಎಂಬುದನ್ನು ಹೊಡೆದು ಹಾಕಿದೆ. ಪಕ್ಕದಲ್ಲಿ ಹೀಗೆ ಬರೆದೆ:

ರಾಣಿ ತಡಕಾಡುತ್ತಾಳೆ. ಕೈ ನಡುಗುತ್ತಿದೆ. ಪ್ರೇಕ್ಷಕರಲ್ಲಿ ಯಾರಾದರೂ ಒಬ್ಬರು ಎದ್ದು ಬಂದು ಕೊರಡು ತೋರಿಸಬೇಕು. ಯಾರೂ ಏಳದಿದ್ದರೆ, ಏಳುವವರೆಗೆ ನಾಟಕ ಮುಂದೆ ಹೋಗಕೂಡದು.